‘ಯಾವುದೇ ಪದವಿ’ ಎಂದರೆ ಯಾವ ಪದವಿ?

ಲೆಕ್ಕಿಗರ ಸಂಸ್ಥೆಯ ನೋಂದಣಾಧಿಕಾರಿಗಳಿಗೆ,

ಮಾನ್ಯರೇ,

‘ಯಾವುದೇ ಪದವೀಧರರು ಸೇರಬಹುದು’ ಎಂದು ನಿಮ್ಮ ಪ್ರಕಟಣೆಯಲ್ಲಿತ್ತು. ಸೇರಿದೆ. ಪ್ರವೇಶ ಪರೀಕ್ಷೆ ಪಾಸಾದೆ. ಒಂದು ವರ್ಷದ ತರಬೇತಿಯನ್ನೂ ಮುಗಿಸಿದೆ. ಈಗ ನಿಮ್ಮ ಕಚೇರಿ ಹೇಳುತ್ತಿದೆ: ನನ್ನದು ಸಾಹಿತ್ಯದ ಪದವಿ, ‘ಸಂಬಂಧಿತ ವಿಷಯವಲ್ಲ’, ಆದ್ದರಿಂದ ಆ ವರ್ಷ ಲೆಕ್ಕಕ್ಕಿಲ್ಲ. ಭಾಷೆ ಓದಿ, ಭಾಷೆ ಕಲಿಸಿ ಅರ್ಧ ಆಯಸ್ಸು ಕಳೆದವಳು ನಾನು. ‘ಯಾವುದೇ’ ಎಂಬ ಪದದ ಅರ್ಥ ನನಗೆ ಗೊತ್ತು ಎಂದುಕೊಂಡಿದ್ದೆ.

ವಿವರಣೆ ಕೇಳಲು ಬಂದಾಗ ಒಂದು ಕಿಟಕಿಯವರು ಪಕ್ಕದ ಕಿಟಕಿಗೆ ಕಳಿಸಿದರು, ಅವರು ಮೇಲಿನ ಮಹಡಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಮಹಡಿಯ ಗುಮಾಸ್ತರು ಕನ್ನಡಕ ಒರೆಸುತ್ತಾ, “ಸಾಹಿತ್ಯ ಓದ್ದೋರು ಪಾಠ ಮಾಡ್ಕೊಂಡು ಆರಾಮಾಗಿರೋದ್ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ ತಾಯಿ?” ಎಂದರು. ಪಾಠ ಮಾಡುತ್ತಲೇ ಇದ್ದೆ, ಸ್ವಾಮಿ. ಶಾಲೆ ಮುಚ್ಚಿತು. ಮನೆಯಲ್ಲೂ ನಿಮ್ಮದೊಂದು ಶಾಖೆಯಿದೆ. ನನ್ನ ಅತ್ತಿಗೆ ಅದರ ಮುಖ್ಯಸ್ಥೆ. “ಪದ್ಯ ಓದಿದ ತಲೆಗೆ ಅಂಕಿ ಹತ್ತುತ್ತೇನೇ?” ಎಂದು ಆಕೆ ಕೇಳದ ವಾರವಿಲ್ಲ.

ಹತ್ತಿತೋ ಇಲ್ಲವೋ, ನೀವೇ ಹೇಳಿ. ನನಗೆ ತರಬೇತಿ ಕೊಟ್ಟ ಹಿರಿಯ ಲೆಕ್ಕಿಗರ ಬಳಿಗೆ ಅಣ್ಣ-ತಮ್ಮಂದಿರಿಬ್ಬರು ಬಂದರು. ಕುರ್ಚಿ, ಮೇಜು ಮಾಡುವ ಜಂಟಿ ಕಾರ್ಖಾನೆ. ಲಾಭವನ್ನೆಲ್ಲ ಅಣ್ಣ ನುಂಗಿದ, ಕೋರ್ಟಿಗೆ ಹೋಗುತ್ತೇನೆ ಎಂದು ತಮ್ಮನ ಹಟ. ಹಿರಿಯರು ಲೆಕ್ಕ ಬಿಡಿಸಿ ಹೇಳಿದರು, ಇಬ್ಬರೂ ತಲೆಯಾಡಿಸಿದರು. ಪಾಠ ಮಾಡಿದವರಿಗೆ ಗೊತ್ತು: ತೀರಾ ಬೇಗ ತಲೆಯಾಡಿಸುವ ತರಗತಿಗೆ ಏನೂ ಅರ್ಥವಾಗಿರುವುದಿಲ್ಲ. ಅಪ್ಪಣೆ ಪಡೆದು, ಅದೇ ಲೆಕ್ಕವನ್ನು ನಾನು ಕತೆಯ ಹಾಗೆ ಹೇಳಿದೆ. ಲಾಭ ಹೋದದ್ದು ಯಾರ ಜೇಬಿಗೂ ಅಲ್ಲ, ಮರ ಕೊಯ್ಯಲೆಂದು ಇಬ್ಬರೂ ಸೇರಿ ಆರಿಸಿ ತಂದ ಯಂತ್ರಕ್ಕೆ. ಅದರ ಕಂತು ಕಟ್ಟಲು ಅಣ್ಣ ತನ್ನ ಸಂಬಳವನ್ನೇ ಬಿಟ್ಟಿದ್ದ.

ತಮ್ಮ ಅಣ್ಣನ ಕಡೆ ತಿರುಗಿದ. “ನೀನು ಸಂಬಳ ತಗೊಂಡೇ ಇಲ್ವಾ?”

“ನೀನ್ ಕೇಳ್ಲಿಲ್ಲ, ನಾನ್ ಹೇಳ್ಲಿಲ್ಲ.”

ಆಮೇಲೆ ಕಾರ್ಖಾನೆ ಪಾಲು ಮಾಡಿಕೊಂಡರು ಅನ್ನಿ. ಆದರೆ ಕೋರ್ಟಿಗೆ ಹೋಗಲಿಲ್ಲ, ಮಾತು ಬಿಡಲಿಲ್ಲ. ಅವರು ಹೋದ ಮೇಲೆ ಹಿರಿಯರು, “ಲೆಕ್ಕ ನಾನು ಸರಿ ಮಾಡ್ದೆ, ಅದು ಅವ್ರಿಗೆ ಮುಟ್ಟೋ ಹಾಗೆ ನೀವು ಮಾಡಿದ್ರಿ. ಇದೂ ನಮ್ಮ ಕಸುಬೇ” ಎಂದರು. ಯಾವ ವಿಷಯಕ್ಕೆ ಸಂಬಂಧಿಸಿದ ಕಸುಬು, ಮಾನ್ಯರೇ?

ರಿಯಾಯಿತಿ ಕೇಳುತ್ತಿಲ್ಲ. ತೆರಿಗೆ, ಕಾನೂನು, ನೀವಿಟ್ಟ ಎಲ್ಲ ಪರೀಕ್ಷೆಗೂ ಕೂರುತ್ತೇನೆ. ಬಳಸಿ ಸವೆದಂತೆ ವಸ್ತುವಿನ ಬೆಲೆ ಇಳಿಯುವ ‘ಸವಕಳಿ’ ಎಂಬ ಪಾಠ ಪುಸ್ತಕದಿಂದ ನನ್ನ ತಲೆಗೆ ಹೋಗಿರಲಿಲ್ಲ. ನಿಮ್ಮ ಮೆಟ್ಟಿಲು ಹತ್ತಿಳಿದು ಚೆನ್ನಾಗಿ ಅರ್ಥವಾಗಿದೆ. ಆದರೆ ಹಿರಿಯರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ನಲವತ್ತು ದಾಟಿದವಳನ್ನು ಮೊದಲಿಂದ ಕಲಿಸಲು ಕೂರಿಸಿಕೊಳ್ಳುವ ಇನ್ನೊಬ್ಬರನ್ನು ನೀವು ಹುಡುಕಿಕೊಡುತ್ತೀರಾ?

ಆದ್ದರಿಂದ ನನ್ನ ಆ ವರ್ಷವನ್ನು ನೋಂದಾಯಿಸಿ. ಆಗದಿದ್ದರೆ ಕಾರಣ ಬರೆದು, ಕೆಳಗೆ ನೀವೇ ಸಹಿ ಹಾಕಿ. ‘ಪರಿಶೀಲನೆಯಲ್ಲಿದೆ’ ಎಂದು ಮಾತ್ರ ಹೇಳಿಸಬೇಡಿ. ಇಲ್ಲ ಎನ್ನುವುದಿದ್ದರೆ ಇಲ್ಲ ಎಂದೇ ಹೇಳಿ. ಬೇರೆ ದಾರಿ ಹುಡುಕುವವಳು ಬೆಳಕಿರುವಾಗಲೇ ಹೊರಡಬೇಕಲ್ಲ.

ಇಂತಿ,
ವಿಧೇಯಳಾಗಿದ್ದು ಸಾಕಾದ,
ಮಾಜಿ ಟೀಚರು, ಹಾಲಿ ಏನೆಂದು ನೀವೇ ತಿಳಿಸಬೇಕಾದವಳು