ಮೂರನೆಯ ಪಿಟೀಲು

ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮನಿಗೆ,

ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕನಿಗೆ ಕೊಬ್ಬು ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಒಂದು ಸೋಪಿನ ಜಾಹೀರಾತಿಗೆ ಸಂಗೀತ ಮಾಡಿಕೊಡಲು ಒಪ್ಪಿ ಸಿಕ್ಕಿಹಾಕಿಕೊಂಡಿದ್ದೆ. ಕಂಪನಿಯವರು, "ಇನ್ನೂ ಸ್ವಲ್ಪ ನೊರೆ ಬರೋ ಹಾಗೆ ಮಾಡಿ ಮೇಡಂ" ಎನ್ನುತ್ತಾರೆ. ಸಂಗೀತದಲ್ಲಿ ನೊರೆ ಎಲ್ಲಿಂದ ತರಲಿ?

ನಿನ್ನ ಭಾವನಿಗೆ ನನ್ನ ಮೇಲೆ ಸಿಟ್ಟು. ಫ್ರಿಜ್ಜಿನ ಗುಂಯ್ ಸದ್ದು ಮೈಕಿಗೆ ಬೀಳಬಾರದೆಂದು ರೆಕಾರ್ಡಿಂಗಿಗೆ ಮುಂಚೆ ಅದನ್ನು ಆರಿಸಿದೆ, ಮತ್ತೆ ಹಾಕಲು ಮರೆತೆ, ಹಾಲೆಲ್ಲ ಒಡೆಯಿತು. "ನಿನ್ನ ಸಂಗೀತಕ್ಕೆ ನನ್ನ ಕಾಫಿ ಬಲಿ" ಎಂದರು. ಈಗ ಆರಿಸಿದಾಗಲೆಲ್ಲ ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಡುತ್ತೇನೆ. ಹೊರಗೆ ಹೊರಡುವಾಗ ಅದರ ಬಾಗಿಲು ತೆಗೆಯಲೇಬೇಕಲ್ಲ.

ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ವಾದ್ಯವೃಂದದವರು ನಿನ್ನನ್ನು ಕೈಬಿಟ್ಟ ಮೇಲೆ ಇನ್ನು ಪಿಟೀಲು ಮಾರಿ, ಕಂಪ್ಯೂಟರಿನಲ್ಲೇ ವಾದ್ಯಗಳ ದನಿ ಹೊರಡಿಸುವ ಸಾಫ್ಟ್‌ವೇರ್ ಸಿಂಥಸೈಜರ್ ಕೊಂಡು, ಮನೆಯಲ್ಲೇ ಸಂಗೀತ ಮಾಡುತ್ತೇನೆಂದು ಬರೆದಿದ್ದೀಯ. ಒಂದೊಂದು ವಾದ್ಯಕ್ಕೆ ಒಂದೊಂದು ಸಾಫ್ಟ್‌ವೇರ್ ತೆರೆದರೆ ನಿನ್ನ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಮಲ್ಟಿಟಿಂಬ್ರಲ್ ಎನ್ನುವ ಬಗೆಯದನ್ನು ತಗೋ. ಒಂದನ್ನು ತೆರೆದರೆ ಹದಿನಾರು ಚಾನೆಲ್. ಒಂದರಲ್ಲಿ ಪಿಯಾನೊ, ಇನ್ನೊಂದರಲ್ಲಿ ಕೊಳಲು, ಹತ್ತನೆಯದರಲ್ಲಿ ವಾಡಿಕೆಯಂತೆ ಡ್ರಮ್ಸ್. ಒಂದೇ ಮನೆಯಲ್ಲಿ ಹದಿನಾರು ಬಾಡಿಗೆದಾರರು ಇದ್ದ ಹಾಗೆ. ಆದರೆ ಒಂದೊಂದು ಚಾನೆಲ್ಲಿಗೂ ಬೇರೆ ಔಟ್‌ಪುಟ್ ಇದೆಯೇ ನೋಡಿಕೋ. ಇಲ್ಲದಿದ್ದರೆ ಕೊಳಲಿಗೆ ಹಾಕಿದ ಪ್ರತಿಧ್ವನಿ ಡ್ರಮ್ಸಿಗೂ ಮೆತ್ತಿಕೊಳ್ಳುತ್ತದೆ. ಸಾವಿರಾರು ದನಿಗಳಿವೆ ಎಂದವರ ಮಾತಿಗೆ ಮರುಳಾಗಬೇಡ. ನಾನು ಬಳಸುವುದು ಹತ್ತಿಪ್ಪತ್ತು.

ನೀನು ಮಾರುವ ಮಾತನ್ನು ಮೊದಲ ಸಲ ಎತ್ತಿದಾಗಲೇ ನಾನು ಒಂದೊಂದು ಸಾಫ್ಟ್‌ವೇರಿನಲ್ಲಿ ಮಾಡಿ ಕಳಿಸಿದ್ದ ಮೂರು ಸಂಗೀತದ ಮಾದರಿಗಳ ಬಗ್ಗೆ ನಿನ್ನ ತೀರ್ಪನ್ನೂ ಓದಿದೆ. ನೀನು ಕಿವಿಯಿಂದಲೇ ಆರಿಸಬೇಕೆಂದು ಸಾಫ್ಟ್‌ವೇರಿನ ಹೆಸರು ಹೇಳಿರಲಿಲ್ಲ. ಒಂದನೆಯದು ಅತಿ ಸಿಹಿ ಎಂದಿದ್ದೀಯ, ಸರಿ. ಎರಡನೆಯದು ನಯವಾಗಿದೆ, ಅದೇ ಇರಲಿ ಎಂದಿದ್ದೀಯ. ಅದೂ ಸರಿ, ಔಟ್‌ಪುಟ್ಟುಗಳು ಬೇರೆ ಬೇರೆ ಇವೆ, ಕೆಲಸಕ್ಕೆ ಒದಗುತ್ತದೆ. ಅದರ ಹೆಸರನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. "ಮೂರನೇದು ಮಾತ್ರ ಬೇಡ ಅಕ್ಕಾ. ಪಿಟೀಲು ಸ್ವರ ಹಿಡಿಯೋಕೆ ಮುಂಚೆ ತಡವರಿಸುತ್ತೆ, ಕಮಾನು ಉಜ್ಜೋ ಸದ್ದು ಬೇರೆ. ಇಂಥದ್ದನ್ನ ದುಡ್ಡು ಕೊಟ್ಟು ಯಾರು ತಗೋತಾರೆ?" ಎಂದಿದ್ದೀಯ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಗುವಿಗೆ ನನ್ನ ಆಶೀರ್ವಾದ, ನಿನಗೂ. ಕೂದಲು ನರೆತರೂ ನೀನು ನನಗಿಂತ ಚಿಕ್ಕವನೇ.

ಇಂತಿ ನಿನ್ನ
ಅಕ್ಕ

ತಾ.ಕ.: ಹೇಳುವುದಿಲ್ಲ ಎಂದೆ, ಆದರೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಮೂರನೆಯದರಲ್ಲಿ ಉಳಿದ ವಾದ್ಯಗಳೆಲ್ಲ ಸಾಫ್ಟ್‌ವೇರಿನವು, ಪಿಟೀಲು ನಿನ್ನದು. ಅಪ್ಪ ಇದ್ದಾಗ ಅಡುಗೆಮನೆಯಲ್ಲಿ ಕೂತು ನೀನು ನುಡಿಸಿದ್ದನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದೆ. ಅದರ ಗರಗರ ತೆಗೆದು ಸೇರಿಸಿದೆ. ಕೇಳಿದ ಕೂಡಲೇ ಗುರುತು ಹಿಡಿಯುತ್ತೀಯ, ಪಿಟೀಲು ಮಾರುವ ಮಾತು ಬಿಡುತ್ತೀಯ ಎಂದುಕೊಂಡಿದ್ದೆ. ನೀನು ಗುರುತಿಸಲಿಲ್ಲ. ನನಗೆ ತುಂಬ ನೋವಾಯಿತು. ಆ ತಡವರಿಕೆಯನ್ನೇ ನಾನು ಇಷ್ಟು ವರ್ಷ, ಕೊಂಡ ಸಾಫ್ಟ್‌ವೇರುಗಳಲ್ಲೆಲ್ಲ ಹುಡುಕಿದ್ದೇನೆ. ಯಾವುದರಲ್ಲೂ ಇಲ್ಲ. ಪಿಟೀಲು ಮಾರಲೇಬೇಕೆಂದಿದ್ದರೆ ಹೊರಗಿನವರಿಗೆ ತೋರಿಸಬೇಡ, ನಾನೇ ಕೊಳ್ಳುತ್ತೇನೆ. ನನಗೆ ನುಡಿಸಲು ಬರುವುದಿಲ್ಲ, ನಿನಗೆ ಗೊತ್ತು.