ಕರಿ ಮೀನಿನ ಮೊದಲ ತುತ್ತು

೧೨ ಫೆಬ್ರುವರಿ ೧೯೬೪, ಬುಧವಾರ

ಎಷ್ಟು ತೊಳೆದರೂ ಕೈಯ ಮೀನು ವಾಸನೆ ಹೋಗಿಲ್ಲ. ಹೋಗುವುದೂ ಬೇಡ.

ಆಳ ಸಮುದ್ರದ ಈ ಕರಿ ಮೀನನ್ನು ಕಾರವಾರದವರು ತಿನ್ನದೆ ಎಸೆಯುತ್ತಾರೆ. ಒಣಗಿಸಿದರೆ ತೊಗರಿಬೇಳೆಯ ಮೂರರಷ್ಟು ಪ್ರೋಟೀನು! ಅದನ್ನು ಕಂಡುಕೊಳ್ಳಲು ಎಂಟು ತಿಂಗಳು ಕಾಲೇಜಿನ ಸೈಕಲ್ ಶೆಡ್ಡಿನಲ್ಲಿ ಕೂತೆ. "ಆ ಹೊಲಸು ಒಳಗ ಬ್ಯಾಡ, ಹೊರಗ ಒಯ್ರಿ" ಎಂದು ಲ್ಯಾಬಿನಿಂದ ಅಟ್ಟಿದವರು ಜನ್ಮದಲ್ಲಿ ಮೀನು ಮುಟ್ಟದ ನಮ್ಮ ವಿಭಾಗದ ಮುಖ್ಯಸ್ಥ ಗುರುಸಿದ್ದಯ್ಯನವರು. ಇವತ್ತು, ನನ್ನ ವರದಿ ಪರಿಶೀಲಿಸಲು ದಿಲ್ಲಿ ಅಧಿಕಾರಿಗಳು ಬರುವ ಸುದ್ದಿ ಸಿಕ್ಕೊಡನೆ, ಮೂಗು ಮುಚ್ಚಿಕೊಂಡು ಶೆಡ್ಡಿಗೇ ಬಂದರು.

"ಬಾಯಾರ, ವರದಿಯೊಳಗ ನನ್ನ ಹೆಸರು ಮೊದಲ ಬರ್ಲಿ."

"ಆಗ್ಲಿ ತಗೋರಿ ಸರ."

ಹಾಕಿಯೂ ಬಿಟ್ಟೆ. ದಿಲ್ಲಿಯವರ ನಿಯಮ ಅವರು ಓದಿಲ್ಲ: ವರದಿ ಬರೆದವರು ಅಧಿಕಾರಿಗಳೆದುರು ಮೀನು ತಿಂದು, ರುಚಿ ಹೇಳಿ, ಸಹಿ ಹಾಕಬೇಕು. ಹೆಸರಿನ ಕ್ರಮದಲ್ಲೇ. ತಿನ್ನಲಿ, ಇಲ್ಲವೇ ಎಲ್ಲರೆದುರು ತಮ್ಮ ಹೆಸರು ತಾವೇ ಹೊಡೆದುಹಾಕಲಿ.

ಪುಡಿ ಮಾಡಿ ರೊಟ್ಟಿಯಲ್ಲಿ ಬೆರೆಸೋಣವೆಂದಿದ್ದೆ. ಇಲ್ಲ. ತಲೆ, ಕಣ್ಣು ಸಮೇತ ಹುರಿಯುತ್ತೇನೆ.