ತಾರೀಖು ದಾಟಿದ ಪ್ಯಾಕೇಜುಗಳು

ಸೊಸೆಗೆ,

ಆಶೀರ್ವಾದ. ಇದು ಜಗಳ ಮುಂದುವರಿಸುವ ಕಾಗದವಲ್ಲ, ಅಂಗಡಿಯ ಕೆಲಸದ್ದು.

ನಮ್ಮ ಔಷಧಿ ಅಂಗಡಿಗೆ ನೀನು ಬರೆದುಕೊಟ್ಟ ಪ್ರೋಗ್ರಾಂ ಮೊನ್ನೆ ಅವಧಿ ಮುಗಿದ ಜ್ವರದ ಸಿರಪ್ಪನ್ನು ಸರಿಯಿದೆ ಎಂದು ತೋರಿಸಿತು. ಎದುರುಮನೆ ಟೀಚರ್ ತಮ್ಮ ಕೂಸಿಗೆಂದು ಕೈಚಾಚಿದ್ದರು. ಬಾಟಲಿ ತಿರುಗಿಸಿ ನೋಡುವ ಹಳೇ ಚಾಳಿ ನನಗಿದ್ದುದರಿಂದ ಅನಾಹುತ ತಪ್ಪಿತು.

ನಿನ್ನ ಗಂಡ ಒಬ್ಬ ಎಂಜಿನಿಯರನ್ನು ಕರೆತಂದ. ಆ ಮಹಾಶಯ ಅರ್ಧ ದಿನ ತಡಕಾಡಿ, "ಅಮ್ಮಾ, ಇದು ಬೇರೆಯವರು ಬರೆದ ಮೂವತ್ತೆಂಟು ಪ್ಯಾಕೇಜುಗಳ, ಅಂದ್ರೆ ಸಿದ್ಧ ಪ್ರೋಗ್ರಾಂ ತುಣುಕುಗಳ ಮೇಲೆ ನಿಂತಿದೆ. ಹನ್ನೊಂದು ಹಳೇದಾಗಿವೆ. ತಾರೀಖು ಓದೋ ಪ್ಯಾಕೇಜನ್ನ ಬರೆದವರೇ ಕೈಬಿಟ್ಟಿದ್ದಾರೆ. ಯಾರೂ ನೋಡ್ಲೇ ಇಲ್ವಾ?" ಎಂದ.

ತಿಂಗಳಿಗೊಂದು ದಿನ ಪ್ರೋಗ್ರಾಂ ನಿಲ್ಲಿಸಿ ಇವನ್ನೆಲ್ಲ ನೋಡಬೇಕೆಂದು ನೀನು ಕೇಳಿದಾಗಲೆಲ್ಲ, "ಓಡ್ತಿರೋದನ್ನ ಯಾಕೆ ಕೆದಕ್ತೀಯ?" ಎಂದು ಗದರಿದವಳು ನಾನು. ನೀನು ತವರಿಗೆ ಹೊರಟ ದಿನವೂ ನಾನು ಅದನ್ನೇ ಅಂದೆ. ಮೂವತ್ತು ವರ್ಷ ಕಪಾಟು ಇಳಿಸಿ ತಾರೀಖು ನೋಡಿದ ನನಗೆ, ಕಂಪ್ಯೂಟರಿನೊಳಗೂ ತಾರೀಖು ದಾಟುವ ಸಾಮಾನಿದೆ ಎಂಬುದು ತಲೆಗೇ ಹೋಗಲಿಲ್ಲ.

ಎಲ್ಲ ಅಳಿಸಿ ಹೊಸದು ಬರೆಯುತ್ತೇನೆಂದ ಎಂಜಿನಿಯರನ್ನು ವಾಪಸು ಕಳಿಸಿದೆ. ನೀನು ಬರೆದದ್ದನ್ನು ನೀನೇ ನೋಡಬೇಕು. ಅಲ್ಲಿಯವರೆಗೆ ಒಂದೊಂದು ಬಾಟಲಿಯನ್ನೂ ಕಣ್ಣಿಗೆ ಹಿಡಿದು ಕೊಡುತ್ತಿದ್ದೇನೆ, ತಲೆ ಸಿಡಿಯುತ್ತಿದೆ.

ಪ್ರತಿ ತಿಂಗಳ ಮೊದಲ ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಯಾಕೆಂದು ಕೇಳಿದವರಿಗೆಲ್ಲ "ನಮ್ಮ ಸೊಸೆ ಹೇಳಿದ್ದಾಳೆ" ಎನ್ನುತ್ತಿದ್ದೇನೆ. ಈ ಭಾನುವಾರ ನೀನು ಬರದಿದ್ದರೆ ಬೀದಿಯೆದುರು ಸುಳ್ಳುಗಾತಿ ಆಗುವವಳು ನಾನು.

ಇಂತಿ,
ನಿನ್ನ ಅತ್ತೆ